ಕರ್ನಲ್ ಬರೆದಿಡುವುದು ಒಂದೇ, ಓದುವವರು ಹಲವರು

ಶಿರಿಯದಿಂದ ಉಪ್ಪಳದ ಕಡೆಗೆ ಹೋಗುವಾಗ ಅಂಗಡಿಗಳ ಬೋರ್ಡ್ ಒಮ್ಮೆ ಗಮನಿಸಿ. ಒಂದೇ ಹೆಸರು ಕನ್ನಡದಲ್ಲಿ ಉಂಟು, ಮಲಯಾಳದಲ್ಲಿ ಉಂಟು, ಇಂಗ್ಲಿಷಿನಲ್ಲೂ ಉಂಟು. ಅಂಗಡಿ ಒಂದೇ, ಓದುವವರು ಬೇರೆ ಬೇರೆ. ಅದೇ ಯಾವುದಾದರೂ ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡ ಮಾಧ್ಯಮದಲ್ಲಿ ಓದಿದವರು ಅದನ್ನು ಹಿಡಿದುಕೊಂಡು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕು. ಮಾಹಿತಿ ಕೈಯಲ್ಲೇ ಇದೆ, ಆದರೆ ಓದುವವನಿಗೆ ಬೇಕಾದ ರೂಪದಲ್ಲಿ ಇಲ್ಲ. ಈ ಕಷ್ಟ ಏನೆಂದು ಕಾಸರಗೋಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಂಪ್ಯೂಟರಿನ ಒಳಗೂ ಇದೇ ಸಮಸ್ಯೆ ಉಂಟು. ಮಂಗಳೂರು, ಕಾಸರಗೋಡಿನ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ತಿಳಿದುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಈ ಬರಹ.

ಎಂತದು ಈ ಟ್ರೇಸಿಂಗ್?

ಕರ್ನಲ್ ಎಂದರೆ ಸೈನ್ಯದ ಕರ್ನಲ್ ಅಲ್ಲ. ಆಪರೇಟಿಂಗ್ ಸಿಸ್ಟಮ್‌ನ ನಡುಭಾಗ. ಫೈಲ್ ತೆರೆಯುವುದು, ನೆಟ್‌ವರ್ಕ್‌ನಲ್ಲಿ ಡಾಟಾ ಕಳಿಸುವುದು, ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಸಿಪಿಯು ಕೊಡುವುದು, ಎಲ್ಲವೂ ಅದರ ಕೈಯಲ್ಲೇ. ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ನಿಧಾನವಾದರೆ ಒಳಗೆ ಏನಾಯಿತೆಂದು ಹುಡುಕಬೇಕಲ್ಲ? ಅದಕ್ಕೆ ಪ್ರತಿಯೊಂದು ಘಟನೆಯನ್ನೂ ಸಮಯದ ಜೊತೆಗೆ ಬರೆದಿಡುವ ವ್ಯವಸ್ಥೆಗೆ ಟ್ರೇಸಿಂಗ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಎಫ್‌ಟ್ರೇಸ್ 2008ರಲ್ಲಿ, ಪರ್ಫ್ 2009ರಲ್ಲಿ ಸೇರಿಕೊಂಡವು. ಈಚೆಗೆ ಬಿಪಿಎಫ್‌ಟ್ರೇಸ್ ಕೂಡ ಹೆಚ್ಚು ಬಳಕೆಯಲ್ಲಿದೆ.

ಇದು ಎಲ್ಲೋ ಅಮೆರಿಕಾದ ಸಂಗತಿ ಅಂದುಕೊಳ್ಳಬೇಡಿ. ಕೇರಳದ ಸರಕಾರಿ ಶಾಲೆಗಳ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಕೈಟ್ ಗ್ನೂ/ಲಿನಕ್ಸ್ ಉಬುಂಟುವಿನ ಮೇಲೆ ಕಟ್ಟಿದ್ದು. ಅದರೊಳಗೆ ಇರುವುದೂ ಇದೇ ಲಿನಕ್ಸ್ ಕರ್ನಲ್. ನಮ್ಮ ಬೆಂಗಳೂರಿನ ಕೈಯೂ ಇದರಲ್ಲಿ ಇದೆ. ಓಡುತ್ತಿರುವ ಕರ್ನಲ್‌ನ ಬೇಕಾದ ಜಾಗದಲ್ಲಿ ಕಿವಿ ಇಟ್ಟು ಕೇಳುವ ಕೆಪ್ರೋಬ್ಸ್ 2004ರಲ್ಲಿ ಲಿನಕ್ಸ್‌ಗೆ ಸೇರಿತು. ಅದನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಐಬಿಎಂನ ಬೆಂಗಳೂರು ತಂಡದ ಅನಂತ್ ಮಾವಿನಕಾಯನಹಳ್ಳಿ ಒಬ್ಬರು. ಬಳಕೆದಾರರ ಪ್ರೋಗ್ರಾಮುಗಳಿಗೆ ಅದೇ ಕೆಲಸ ಮಾಡುವ ಯುಪ್ರೋಬ್ಸ್ 2012ರಲ್ಲಿ ಬಂತು. ಅದನ್ನು ಬರೆದವರಲ್ಲಿ ಮುಖ್ಯರಾದ ಶ್ರೀಕರ್ ದ್ರೋಣಂರಾಜು ಕೂಡ ಐಬಿಎಂ ಇಂಡಿಯಾದವರೇ.

ಒಂದು ಸಾಲು, ನೂರು ಪ್ರಶ್ನೆ

ಎಫ್‌ಟ್ರೇಸ್ ಕೊಡುವ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ಪ್ರೋಗ್ರಾಮಿನ ಹೆಸರು, ಅದರ ನಂಬರ್, ಯಾವ ಸಿಪಿಯು, ನಾಲ್ಕೈದು ಚುಕ್ಕಿಗಳು, 5120.418273 ಎಂಬ ಸಮಯ, ಆಮೇಲೆ ಘಟನೆಯ ವಿವರ. ಹೊಸಬರಿಗೆ ಇಲ್ಲೇ ತಲೆ ತಿರುಗುತ್ತದೆ. 5120 ಎಂದರೆ ಎಷ್ಟು ಗಂಟೆ ಮಾರಾಯ್ರೆ? ಅದು ಗಂಟೆಯೇ ಅಲ್ಲ, ಕಂಪ್ಯೂಟರ್ ಆನ್ ಆದ ಮೇಲೆ ಕಳೆದ ಸೆಕೆಂಡುಗಳ ಲೆಕ್ಕ. ಎರಡು ಘಟನೆಗಳ ನಡುವೆ ಎಷ್ಟು ಅಂತರ ಎಂದು ನೋಡುವವನಿಗೆ ಇದೇ ಸರಿ. ಆದರೆ 'ಬೆಳಿಗ್ಗೆ 10 ಗಂಟೆಗೆ ಸರ್ವರ್ ನಿಂತಿತು' ಎಂಬ ದೂರು ಹಿಡಿದುಕೊಂಡು ಬಂದವನಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಉದಾಹರಣೆ. ಹೊಸ ಫೈಲ್ ಮಾಡುವಾಗ ಅದರ ಅನುಮತಿಯನ್ನು ಒಂದು ಸಂಖ್ಯೆಯಾಗಿ ಬರೆಯುತ್ತಾರೆ. ಮಾಲಿಕ ಓದಬಹುದು, ಬರೆಯಬಹುದು, ಉಳಿದವರು ಓದಬಹುದು ಅಷ್ಟೇ ಎಂಬುದಕ್ಕೆ 0644 ಎಂದು ಲಿನಕ್ಸ್ ಕಲಿತವರಿಗೆಲ್ಲ ಗೊತ್ತು. ಅದು ಎಂಟರ ಲೆಕ್ಕದ ಸಂಖ್ಯೆ. ಅದನ್ನೇ ಸಾಮಾನ್ಯ ಹತ್ತರ ಲೆಕ್ಕದಲ್ಲಿ ತೋರಿಸಿದರೆ 420 ಆಗುತ್ತದೆ, ನಗಬೇಡಿ. ಹದಿನಾರರ ಲೆಕ್ಕದಲ್ಲಿ ತೋರಿಸಿದರೆ 1ಎ4. ಮೂರೂ ಸರಿ, ಮೂರೂ ಒಂದೇ. ಆದರೆ 420 ಎಂದು ಕಂಡರೆ ಅನುಮತಿ ಏನೆಂದು ತಕ್ಷಣ ಹೇಳುವವರು ಯಾರಿದ್ದಾರೆ?

ಹಾಗಾದರೆ ಯಾವ ರೂಪ ಇರಬೇಕೆಂದು ತೀರ್ಮಾನಿಸುವವರು ಯಾರು? ಟೂಲ್ ಬರೆದವನಾ, ಓದುವವನಾ? ಓದುವವನೇ ಎಂಬುದು ಒಳ್ಳೆಯ ಟೂಲ್‌ಗಳು ಕಂಡುಕೊಂಡ ಉತ್ತರ.

ಬರೆಯುವುದು ಬೇರೆ, ತೋರಿಸುವುದು ಬೇರೆ

ಗಲ್ಫ್‌ನಲ್ಲಿ ಅಂಗಡಿ ನಡೆಸುವ ನಮ್ಮವರನ್ನು ಕೇಳಿ. ದಿನದ ವ್ಯಾಪಾರ ಬರೆಯುವ ಪುಸ್ತಕ ಒಂದೇ. ಮಾಲಿಕರಿಗೆ ಸಂಜೆಯ ಒಟ್ಟು ಮೊತ್ತ ಸಾಕು. ಸಾಲ ಇಟ್ಟ ಗಿರಾಕಿಗೆ ತನ್ನ ಬಾಕಿ ಮಾತ್ರ ಬೇಕು. ಲೆಕ್ಕ ಪರಿಶೋಧಕರಿಗೆ ಪ್ರತಿಯೊಂದು ಸಾಲೂ ಬೇಕು. ಮೂವರಿಗೆ ಮೂರು ಪುಸ್ತಕ ಯಾರೂ ಬರೆಯುವುದಿಲ್ಲ. ಗಿರಾಕಿಗಳು ಸಾಲು ನಿಂತಿರುವಾಗ ಗಡಿಬಿಡಿಯಲ್ಲಿ ಗೀಚಿಡುತ್ತಾರೆ, ಕೇಳಿದವರಿಗೆ ಬೇಕಾದ ಹಾಗೆ ಆಮೇಲೆ ತೆಗೆದು ಕೊಡುತ್ತಾರೆ.

ಕರ್ನಲ್ ಕೂಡ ಹಾಗೆಯೇ. ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಘಟನೆಗಳು ನಡೆಯಬಹುದು. ಆ ಹೊತ್ತಿನಲ್ಲಿ ಚಂದದ ಅಕ್ಷರದ ಸಾಲು ಮಾಡುತ್ತಾ ಕೂತರೆ ಪರೀಕ್ಷೆಯೇ ಕಂಪ್ಯೂಟರನ್ನು ನಿಧಾನ ಮಾಡುತ್ತದೆ. ಅದಕ್ಕೆ ಪ್ರತಿ ಸಿಪಿಯುಗೂ ಒಂದು ಬಫರ್ ಇಟ್ಟು ಕಚ್ಚಾ ಬೈನರಿ ರೂಪದಲ್ಲಿ ಎಸೆದುಬಿಡುತ್ತದೆ. ಓದುವ ಹೊತ್ತಿಗೆ ಮಾತ್ರ ಅದು ಅಕ್ಷರವಾಗುತ್ತದೆ. ಪ್ರತಿ ಘಟನೆಯ ಜೊತೆಗೆ 'ಫಾರ್ಮ್ಯಾಟ್' ಎಂಬ ಚಿಕ್ಕ ಫೈಲ್ ಇರುತ್ತದೆ. ಯಾವ ಮಾಹಿತಿ ಎಷ್ಟನೇ ಬೈಟ್‌ನಿಂದ ಶುರು, ಎಷ್ಟು ಬೈಟ್ ಉದ್ದ, ಅದನ್ನು ಸಾಮಾನ್ಯವಾಗಿ ಹೇಗೆ ಮುದ್ರಿಸಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಬೇರೆ ರೂಪ ಬೇಕಾದವರು ಅದನ್ನು ಓದಿ ತಮ್ಮದೇ ರೂಪ ಕಟ್ಟಿಕೊಳ್ಳಬಹುದು.

ಇದರ ಮೇಲೆ ಒಂದೊಂದು ಟೂಲ್ ಒಂದೊಂದು ದಾರಿ ಹಿಡಿದಿದೆ. ಎಫ್‌ಟ್ರೇಸ್‌ನಲ್ಲಿ ಆಯ್ಕೆಗಳನ್ನು ಆನ್, ಆಫ್ ಮಾಡಬಹುದು, ಗಡಿಯಾರವನ್ನೂ ಬದಲಿಸಬಹುದು. ಕೆಪ್ರೋಬ್ ಇಡುವಾಗ ಈ ಸಂಖ್ಯೆಗೆ ಈ ಹೆಸರು, ಇದನ್ನು ಹದಿನಾರರ ಲೆಕ್ಕದಲ್ಲಿ ತೋರಿಸು, ಇದನ್ನು ಅಕ್ಷರವಾಗಿ ತೋರಿಸು ಎಂದು ನಾವೇ ಹೇಳಬಹುದು. ಪರ್ಫ್ ಸ್ಕ್ರಿಪ್ಟ್‌ನಲ್ಲಿ ಬೇಕಾದ ಕಾಲಂಗಳನ್ನು ಮಾತ್ರ ಆರಿಸಬಹುದು. ಬಿಪಿಎಫ್‌ಟ್ರೇಸ್‌ನಲ್ಲಿ ಸಿ ಭಾಷೆಯ ಪ್ರಿಂಟ್‌ಎಫ್ ಹಾಗೆಯೇ ಸಾಲನ್ನು ಪೂರ್ತಿ ನಾವೇ ಬರೆಯಬಹುದು, ಬೇಕಾದರೆ ಜೇಸನ್ ರೂಪದಲ್ಲಿಯೂ ಪಡೆಯಬಹುದು.

ಸ್ವಾತಂತ್ರ್ಯ ಕೊಟ್ಟರೆ ಸಾಲದು

ಮೊದಲನೆಯದಾಗಿ, ಏನೂ ಕೇಳದಿದ್ದಾಗ ಬರುವ ರೂಪ ಚೆನ್ನಾಗಿರಬೇಕು. ಹೆಚ್ಚಿನವರು ಆಯ್ಕೆಗಳನ್ನು ಮುಟ್ಟುವುದೇ ಇಲ್ಲ. ನೂರು ಆಯ್ಕೆ ಕೊಟ್ಟು ಮೊದಲ ನೋಟವನ್ನೇ ಕೆಡಿಸಿದರೆ ಪ್ರಯೋಜನ ಇಲ್ಲ.

ಎರಡನೆಯದು, ಮನುಷ್ಯ ಓದುವ ರೂಪ ಮತ್ತು ಪ್ರೋಗ್ರಾಮ್ ಓದುವ ರೂಪ ಬೇರೆ ಇರಬೇಕು. ಸಾಲನ್ನು ಖಾಲಿ ಜಾಗದಲ್ಲಿ ತುಂಡು ಮಾಡಿ ಎರಡನೇ ತುಂಡು ನಂಬರ್, ಮೂರನೆಯದು ಸಿಪಿಯು ಎಂದು ಸ್ಕ್ರಿಪ್ಟ್ ಬರೆಯುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ. ಫೈರ್‌ಫಾಕ್ಸ್ ಓಡುತ್ತಿದ್ದರೆ ಅದರ ಒಂದು ಪ್ರೊಸೆಸ್‌ನ ಹೆಸರು 'ಐಸೊಲೇಟೆಡ್ ವೆಬ್ ಕೊ' ಎಂದು ಕಾಣುತ್ತದೆ. ಕರ್ನಲ್ ಹೆಸರಿಗೆ 15 ಅಕ್ಷರಕ್ಕಿಂತ ಹೆಚ್ಚು ಜಾಗ ಕೊಡುವುದಿಲ್ಲ, ಅದಕ್ಕೆ ಕೊನೆಯ ಪದ ಅರ್ಧಕ್ಕೇ ಕತ್ತರಿಸಿದೆ. ನಡುವೆ ಎರಡು ಖಾಲಿ ಜಾಗ ಬೇರೆ. ಸ್ಕ್ರಿಪ್ಟ್‌ನ ಕಾಲಂಗಳೆಲ್ಲ ಅದಲುಬದಲು! ತಪ್ಪು ಉತ್ತರ ಬರುತ್ತದೆ, ಆದರೆ ಎರರ್ ಬರುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಮೂರನೆಯದು, ಒಮ್ಮೆ ಕೊಟ್ಟ ರೂಪವನ್ನು ಸುಮ್ಮನೆ ಬದಲಿಸಬಾರದು. 2011ರಲ್ಲಿ ಲಿನಕ್ಸ್‌ನಲ್ಲಿ ಇದೇ ಗಲಾಟೆ ಆಯಿತು. ಪ್ರತಿ ಟ್ರೇಸ್ ದಾಖಲೆಯಲ್ಲಿ ಹಳೆಯ ಲಾಕ್ ಒಂದಕ್ಕಾಗಿ ಇಟ್ಟಿದ್ದ 4 ಬೈಟ್ ಇನ್ನು ಬೇಡ ಎಂದು ತೆಗೆದುಬಿಟ್ಟರು. ಬ್ಯಾಟರಿ ಎಲ್ಲಿ ಖರ್ಚಾಗುತ್ತದೆ ಎಂದು ತೋರಿಸುವ ಪವರ್‌ಟಾಪ್ ಕೆಟ್ಟುಹೋಯಿತು. ಯಾಕೆಂದರೆ ಅದು ಫಾರ್ಮ್ಯಾಟ್ ಫೈಲ್ ಓದದೆ, ಮಾಹಿತಿ ಯಾವಾಗಲೂ ಅದೇ ಜಾಗದಲ್ಲಿ ಇರುತ್ತದೆ ಎಂದು ನಂಬಿಕೊಂಡಿತ್ತು. ಬಳಕೆದಾರರ ಪ್ರೋಗ್ರಾಮ್ ಕೆಡಿಸಬಾರದು ಎಂಬುದು ಲಿನಕ್ಸ್‌ನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಯಾರಿಗೂ ಬೇಡದ 4 ಖಾಲಿ ಬೈಟ್‌ಗಳನ್ನು ವಾಪಸ್ ಇಡಬೇಕಾಯಿತು. ನಕ್ಷೆ ಕೈಯಲ್ಲೇ ಇದ್ದೂ ನೋಡದೆ ನಡೆದದ್ದಕ್ಕೆ ಎಲ್ಲರೂ ಬೆಲೆ ತೆತ್ತರು.

ನಾಲ್ಕನೆಯದು ನನ್ನ ಅಭಿಪ್ರಾಯ. ಪರ್ಫ್‌ನಲ್ಲಿ ನಮ್ಮ ಇಷ್ಟದ ಆಯ್ಕೆಗಳನ್ನು ಒಂದು ಕಾನ್ಫಿಗ್ ಫೈಲ್‌ನಲ್ಲಿ ಕಾಯಂ ಮಾಡಿಡಬಹುದು. ಅನುಕೂಲವೇ. ಆದರೆ ನನ್ನ ಸ್ಕ್ರೀನ್‌ನಲ್ಲಿ ಕಂಡದ್ದನ್ನು ನಿಮಗೆ ಕಳಿಸಿದಾಗ ಸಮಯ ಯಾವ ಲೆಕ್ಕದ್ದು, ಯಾವ ಕಾಲಂ ಬಿಟ್ಟಿದ್ದೇನೆ ಎಂದು ನಿಮಗೆ ಗೊತ್ತಿರುವುದಿಲ್ಲ. ಆಯ್ಕೆಗಳು ಹೆಚ್ಚಾದಷ್ಟೂ, ಯಾವ ಆಯ್ಕೆಯಲ್ಲಿ ಇದನ್ನು ತೆಗೆದದ್ದು ಎಂದು ತಲೆಬರಹದಲ್ಲಿ ಹೇಳುವ ಜವಾಬ್ದಾರಿಯೂ ಹೆಚ್ಚುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಲಿನಕ್ಸ್ ಇರುವ ಲ್ಯಾಪ್‌ಟಾಪ್ ಇದ್ದರೆ ಡಿಮೆಸೇಜ್ ಕಮಾಂಡಿನಿಂದ ಶುರು ಮಾಡಿ. ಅದು ಟ್ರೇಸಿಂಗ್ ಅಲ್ಲ, ಕರ್ನಲ್‌ನ ಸಂದೇಶಗಳ ಪಟ್ಟಿ, ಆದರೆ ಪಾಠ ಒಂದೇ. ಅಡ್ಮಿನ್ ಅನುಮತಿ ಕೊಡಬೇಕಾಗಬಹುದು. ಮೊದಲು ಹಾಗೆಯೇ ಓಡಿಸಿ, ಸೆಕೆಂಡುಗಳ ಲೆಕ್ಕ ಬರುತ್ತದೆ. ಆಮೇಲೆ ಒಂದು ಗೆರೆ ಮತ್ತು ದೊಡ್ಡ ಟಿ ಸೇರಿಸಿ ಓಡಿಸಿ, ತಾರೀಖು, ಗಂಟೆ ಬರುತ್ತದೆ. ಲ್ಯಾಪ್‌ಟಾಪ್ ಮಲಗಿ ಎದ್ದಿದ್ದರೆ ಆ ಗಂಟೆ ತಪ್ಪಿರಲೂಬಹುದು. ಓದಲು ಸುಲಭವಾದ ರೂಪ ಯಾವಾಗಲೂ ಹೆಚ್ಚು ಸರಿಯಾದ ರೂಪ ಆಗಿರಬೇಕೆಂದಿಲ್ಲ, ಇದನ್ನೂ ನೆನಪಿಡಿ.

ಮುಂದೆ ನೀವು ಕಾಲೇಜು ಪ್ರಾಜೆಕ್ಟ್ ಮಾಡಿ, ಜಮಾಅತಿನ ಲೆಕ್ಕದ ಆ್ಯಪ್ ಮಾಡಿ, ದೊಡ್ಡ ಕಂಪೆನಿಯ ಸರ್ವರ್ ನೋಡಿಕೊಳ್ಳಿ. ಸ್ಕ್ರೀನ್ ಮೇಲೆ ಒಂದು ಸಾಲು ಮುದ್ರಿಸುವ ಮೊದಲು, ಇದನ್ನು ಓದುವವರು ಯಾರು, ಅವರಿಗೆ ಬೇರೆ ರೂಪ ಬೇಕಾದರೆ ನನ್ನನ್ನು ಕೇಳದೆ ಪಡೆಯಬಹುದಾ ಎಂದು ಒಂದು ನಿಮಿಷ ಯೋಚಿಸಿ. ಅರ್ಜಿ ನಮೂನೆ ಹಿಡಿದುಕೊಂಡು ಇನ್ನೊಬ್ಬರ ಮನೆಗೆ ನಡೆದವರ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.