ಬೂಸ್ಟ್ ಮುಳ್ಳು ಹೇಳುವ ಅರ್ಧಸತ್ಯ

1989ರಲ್ಲಿ ಮಜ್ದಾ ಕಂಪನಿ ಮಿಯಾಟಾ ಎಂಬ ಎರಡು ಸೀಟಿನ, ಟಾಪು ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರನ್ನು ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟಿತು. ತೂಕ ಸುಮಾರು ಒಂದು ಟನ್, ಎಂಜಿನ್ 1.6 ಲೀಟರ್, ಶಕ್ತಿ 116 ಎಚ್‌ಪಿ. ತಿರುವುಗಳ ರಸ್ತೆಯಲ್ಲಿ ಓಡಿಸಿದವರು ಮನಸೋತರು. ನೇರ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಲು ಹೋದಾಗ ಮಾತ್ರ ‘ಇನ್ನಷ್ಟು ಎಳೆತ ಇರಬೇಕಿತ್ತು’ ಅನ್ನಿಸುತ್ತಿತ್ತು. ಈ ಕೊರಗಿಗೆ ಮದ್ದು ಎಂಬಂತೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ, ಬೇರೆ ಕಂಪನಿಗಳ ಸೂಪರ್‌ಚಾರ್ಜರ್ ಕಿಟ್‌ಗಳು ಬಂದವು. ಅವುಗಳಲ್ಲಿ ಹೆಸರು ಮಾಡಿದ್ದು ಜಾಕ್ಸನ್ ರೇಸಿಂಗ್‌ನ ಕಿಟ್: ಈಟನ್ ಕಂಪನಿಯ ಎಂ45 ಬ್ಲೋವರ್, ಅದನ್ನು ತಿರುಗಿಸಲು ಬೆಲ್ಟು, ಐದಾರು ಪಿಎಸ್‌ಐ ಒತ್ತಡ.

ಹಾಕಿಸಿಕೊಂಡವರು ಅಷ್ಟಕ್ಕೇ ನಿಲ್ಲುವುದಿಲ್ಲ. ಆರು ಇದ್ದದ್ದು ಎಂಟಾಗಲಿ, ಎಂಟು ಹತ್ತಾಗಲಿ ಎಂದು ಪುಲ್ಲಿ ಬದಲಿಸುತ್ತಾರೆ, ಎಂ45 ಇಳಿಸಿ ಅದಕ್ಕಿಂತ ದೊಡ್ಡ ಎಂ62 ಏರಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ. ಗ್ಯಾರೇಜಿನಲ್ಲಿ ಕೇಳಿಬರುವ ತಪ್ಪು ತಿಳಿವಳಿಕೆಗಳ ಬೇರು ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಬೂಸ್ಟ್ ಗೇಜಿನಲ್ಲೇ ಇರುತ್ತದೆ. ಎಂಜಿನ್ನಿಗೆ ಬೇಕಾದದ್ದು ಗಾಳಿಯ ತೂಕ, ಆ ಮುಳ್ಳು ತೋರಿಸುವುದು ಗಾಳಿಯ ಒತ್ತಡ. ಎರಡೂ ಒಂದೇ ಅಂದುಕೊಂಡವರು ದುಡ್ಡು ಕಳೆದುಕೊಳ್ಳುತ್ತಾರೆ, ಕೆಲವರು ಪಿಸ್ಟನ್ನನ್ನೂ.

‘ಬೂಸ್ಟ್ ಹೆಚ್ಚಿದಷ್ಟೂ ಶಕ್ತಿ ಹೆಚ್ಚು’

ಬೂಸ್ಟ್ ಎಂದರೆ ಬ್ಲೋವರ್ ತಳ್ಳಿದ ಗಾಳಿಯಲ್ಲಿ ಎಂಜಿನ್ ನುಂಗಲಾಗದೆ ಮ್ಯಾನಿಫೋಲ್ಡಿನಲ್ಲಿ ಒತ್ತರಿಸಿ ನಿಂತದ್ದರ ಅಳತೆ. ಎಂಜಿನ್ನಿನ ಉಸಿರಾಟ ಸಲೀಸಾದರೆ ಅದೇ ಬ್ಲೋವರ್, ಅದೇ ಪುಲ್ಲಿಯಲ್ಲಿ ಮುಳ್ಳು ಕೆಳಗಿಳಿಯುತ್ತದೆ. ಒಳ್ಳೆಯ ಎಕ್ಸಾಸ್ಟ್ ಹಾಕಿಸಿದ ಮರುದಿನ ‘ಏಳು ತೋರಿಸುತ್ತಿದ್ದದ್ದು ಆರಕ್ಕೆ ಇಳಿಯಿತು, ಏನೋ ಎಡವಟ್ಟಾಗಿದೆ’ ಎಂದು ಗಾಬರಿಯಿಂದ ಬರುವವರಿದ್ದಾರೆ. ಎಡವಟ್ಟೇನೂ ಆಗಿರುವುದಿಲ್ಲ. ಒಳಗೆ ಹೋಗುವ ಗಾಳಿ ಹೆಚ್ಚಿದೆ, ಕಾರು ಮೊದಲಿಗಿಂತ ಚುರುಕಾಗಿದೆ.

ಇದರ ತಿರುಗುಮುರುಗು ಇನ್ನೂ ಅಪಾಯಕಾರಿ. ಹಳೆಯ ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೇ ಕುಸಿದು ಹೊಗೆಯ ದಾರಿ ಕಟ್ಟಿಕೊಂಡಾಗ ಬೂಸ್ಟ್ ಏರುತ್ತದೆ, ಶಕ್ತಿ ಇಳಿಯುತ್ತದೆ. ಮುಳ್ಳನ್ನಷ್ಟೇ ನೋಡುವವನಿಗೆ ಇದೊಂದು ಶುಭಸುದ್ದಿ!

ಇನ್ನು ಬಿಸಿಯ ಲೆಕ್ಕ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್, ಅಂದರೆ ಏಳು ಪಿಎಸ್‌ಐಯಷ್ಟು ಒತ್ತಿದರೆ, ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಬ್ಲೋವರಿನಲ್ಲೂ ಅದು 67 ಡಿಗ್ರಿಗೆ ಏರುತ್ತದೆ. ಎಂ45ನಂಥ ಹಳೆಯ ರೂಟ್ಸ್ ಮಾದರಿಯ ದಕ್ಷತೆ ಶೇ 55 ಎಂದು ಹಿಡಿದರೆ 97 ಡಿಗ್ರಿ ಮುಟ್ಟುತ್ತದೆ. ನೀರು ಕುದಿಯಲು ಮೂರೇ ಡಿಗ್ರಿ ಕಡಿಮೆ. ಕಾದ ಗಾಳಿ ಹಗುರ, ಜೊತೆಗೆ ಪೆಟ್ರೋಲನ್ನು ಹೊತ್ತಿಗೆ ಮುಂಚೆ ಸಿಡಿಸುವ ಗುಣವೂ ಅದಕ್ಕಿದೆ.

ಇಲ್ಲಿ ಇಂಟರ್‌ಕೂಲರ್ ಹಾಕಿ ಆ ಗಾಳಿಯನ್ನು 55 ಡಿಗ್ರಿಗೆ ಇಳಿಸಿದಿರಿ ಎನ್ನಿ. ಪೈಪುಗಳಲ್ಲಿ ಸುತ್ತಿ ಬರುವಾಗ ಸ್ವಲ್ಪ ಒತ್ತಡ ಸೋರಿ ಮುಳ್ಳು ಅರ್ಧ ಬಾರ್‌ನಿಂದ 0.45ಕ್ಕೆ ಬಂತು ಎಂದೂ ಇಟ್ಟುಕೊಳ್ಳಿ. ಆಗಲೂ ಅದೇ ಜಾಗದಲ್ಲಿ ಹಿಡಿಸುವ ಗಾಳಿಯ ತೂಕ ಸುಮಾರು ಶೇ 9ರಷ್ಟು ಹೆಚ್ಚು. ‘ಇಂಟರ್‌ಕೂಲರ್ ಹಾಕಿದರೆ ಬೂಸ್ಟ್ ಹೋಗುತ್ತದೆ’ ಎನ್ನುವ ಮಾತು ಗೇಜಿನ ಮಟ್ಟಿಗೆ ನಿಜ, ರಸ್ತೆಯಲ್ಲಿ ಸುಳ್ಳು.

‘ಪುಲ್ಲಿ ಚಿಕ್ಕದು ಮಾಡಿದರೆ ಸಾಕು’

ಎಂ45 ಎಂಬ ಹೆಸರಿನಲ್ಲೇ ಅದರ ಮಿತಿ ಬರೆದಿದೆ. ಒಂದು ಸುತ್ತಿಗೆ ಅದು ತಳ್ಳುವುದು 45 ಘನ ಅಂಗುಲ, ಅಂದರೆ ಸುಮಾರು 0.74 ಲೀಟರ್ ಗಾಳಿ. 1.6 ಲೀಟರ್ ಎಂಜಿನ್ ಒಂದು ಸುತ್ತಿಗೆ 0.8 ಲೀಟರ್ ಎಳೆದುಕೊಳ್ಳುತ್ತದೆ. ಎರಡೂ ಸಮವೇಗದಲ್ಲಿ ತಿರುಗಿದರೆ ಬೂಸ್ಟೇ ಇಲ್ಲ. ಹಾಗಾಗಿ ಪುಲ್ಲಿಗಳ ಅಳತೆ ಹೊಂದಿಸಿ ಬ್ಲೋವರನ್ನು ಎಂಜಿನ್ನಿಗಿಂತ ಜೋರಾಗಿ ಓಡಿಸುತ್ತಾರೆ. ಪುಲ್ಲಿಯನ್ನು ಇಳಿಸುತ್ತಾ ಹೋಗಿ ಅನುಪಾತ ಎರಡಕ್ಕೆ ತಂದರೆ, ಎಂಜಿನ್ 7,000 ಆರ್‌ಪಿಎಂ ಮುಟ್ಟಿದಾಗ ಬ್ಲೋವರ್ 14,000ದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಅದು ಗಾಳಿಯನ್ನು ಒತ್ತುವುದಕ್ಕಿಂತ ಕಾಯಿಸುವುದೇ ಹೆಚ್ಚು. ಅದನ್ನು ತಿರುಗಿಸಲು ಕ್ರ್ಯಾಂಕಿನಿಂದ ಕಿತ್ತುಕೊಳ್ಳುವ ಶಕ್ತಿಯೂ ಏರುತ್ತದೆ.

ಎಂ62 ಸುತ್ತಿಗೆ ಒಂದು ಲೀಟರಿನಷ್ಟು ತಳ್ಳುವುದರಿಂದ ಅದೇ ಗಾಳಿಯನ್ನು ನಿಧಾನವಾಗಿ ತಿರುಗಿ, ಕಡಿಮೆ ಕಾಯಿಸಿ ಕೊಡುತ್ತದೆ. ಈಟನ್‌ನವರದೇ ನಂತರದ ಟಿವಿಎಸ್ ಸರಣಿ ಇನ್ನೂ ವಾಸಿ. ಹಳೆಯದರ ರೋಟರಿಗೆ ಮೂರು ದಳ, 60 ಡಿಗ್ರಿ ತಿರುಚು. ಇದಕ್ಕೆ ನಾಲ್ಕು ದಳ, 160 ಡಿಗ್ರಿ ತಿರುಚು. 2009ರ ಕಾರ್ವೆಟ್ ಝಡ್‌ಆರ್1 ಕಾರಿನ 638 ಎಚ್‌ಪಿಯ ಹಿಂದೆ ಇದ್ದದ್ದು ಇದೇ ಸರಣಿಯ ಬ್ಲೋವರ್. ನನ್ನನ್ನು ಕೇಳಿದರೆ, ಎರಡನೇ ಸಲ ಪುಲ್ಲಿ ಚಿಕ್ಕದು ಮಾಡುವ ಯೋಚನೆ ಬಂದ ದಿನವೇ ಬ್ಲೋವರ್ ದೊಡ್ಡದು ಮಾಡುವ ಲೆಕ್ಕ ಹಾಕುವುದು ಒಳ್ಳೆಯದು.

ಪುಲ್ಲಿ ಚಿಕ್ಕದಾದಾಗ ಬೆಲ್ಟಿಗೆ ಹಿಡಿತ ಸಿಗುವ ಜಾಗವೂ ಕಡಿಮೆಯಾಗುತ್ತದೆ. ಬೆಲ್ಟ್ ಜಾರುವುದನ್ನು ಬ್ಲೋವರ್ ಸವೆದದ್ದೆಂದು ತಿಳಿದು ಇಡೀ ಯೂನಿಟ್ ಬಿಚ್ಚಿಸುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಇಲ್ಲಿ ಮಾತ್ರ ಬೂಸ್ಟ್ ಮುಳ್ಳು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅಂಕಿಯನ್ನು ಬಿಟ್ಟು ಅದು ಏರುವ ರೀತಿಯನ್ನು ನೋಡಬೇಕು. ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 5,000ದವರೆಗೆ ಚೆನ್ನಾಗಿ ಏರಿ ಆಮೇಲೆ ಇಳಿದರೆ ಅಥವಾ ನಡುಗಿದರೆ ಬೆಲ್ಟ್ ಜಾರುತ್ತಿದೆ. ಪುಲ್ಲಿಯ ಸುತ್ತ ಕಪ್ಪು ಪುಡಿ ಬಿದ್ದಿರುತ್ತದೆ, ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿರುತ್ತದೆ. ಟೆನ್ಷನ್ ನೋಡಿ, ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ನೋಡಿ, ಐಡ್ಲರ್ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ಬೆಲ್ಟಿಗೆ ಹೊಡೆಯುವ ಅಂಟು ಸ್ಪ್ರೇಯನ್ನು ಮಾತ್ರ ಮುಟ್ಟಬೇಡಿ. ಅದು ಕಿರುಚುವ ಸದ್ದನ್ನು ನಾಲ್ಕು ದಿನ ಮುಚ್ಚುತ್ತದೆ, ಧೂಳನ್ನು ಹಿಡಿದಿಡುತ್ತದೆ.

ಹಾಗಲ್ಲದೆ ಕೆಳಗಿನಿಂದ ಮೇಲಿನವರೆಗೂ ಬೂಸ್ಟ್ ಬಡವಾಗಿದ್ದರೆ ಬ್ಲೋವರಿನ ಗಾಳಿಯನ್ನು ಹಿಂದಕ್ಕೆ ಸುತ್ತಿಸುವ ಬೈಪಾಸ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಅಥವಾ ಎಲ್ಲೋ ಗ್ಯಾಸ್ಕೆಟ್, ಪೈಪು ಸೋರುತ್ತಿದೆ.

1990 ಮತ್ತು 1991ರ ಆರಂಭದ ಮಿಯಾಟಾ ಇರುವವರಿಗೆ ಇನ್ನೊಂದು ಮಾತು. ಆ ಕಾರುಗಳ ಕ್ರ್ಯಾಂಕಿನ ಮೂತಿ ಗಿಡ್ಡ. ಪುಲ್ಲಿಯ ಬೋಲ್ಟ್ ಸಡಿಲಗೊಂಡರೆ ಕೀ ಕೂರುವ ತೋಡು ಸವೆದು ಟೈಮಿಂಗೇ ತಪ್ಪುತ್ತದೆ. ಬ್ಲೋವರಿನ ಬೆಲ್ಟ್ ಎಳೆಯುವುದೂ ಅದೇ ಮೂತಿಯನ್ನು. ಕಿಟ್ ಕೊಳ್ಳುವ ಮೊದಲು ಅಲ್ಲಿ ಪುಲ್ಲಿ ಅಲುಗಾಡುತ್ತಿದೆಯೇ ಎಂದು ಪರೀಕ್ಷಿಸಿ.

‘ಐಡಲ್‌ನಲ್ಲಿ ಕಟಕಟ ಅಂದರೆ ಬ್ಲೋವರ್ ಹೋಯಿತು’

ಈಟನ್ ಬ್ಲೋವರುಗಳಲ್ಲಿ ಪುಲ್ಲಿಯ ಶಾಫ್ಟಿಗೂ ರೋಟರಿಗೂ ನಡುವೆ ಚಿಕ್ಕದೊಂದು ಕಪ್ಲರ್ ಇದೆ. ಅದು ಸವೆದಾಗ ಐಡಲ್‌ನಲ್ಲಿ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ನಿಲ್ಲುತ್ತದೆ. ಇದು ಅಗ್ಗದ ರಿಪೇರಿ. ಮುಂಭಾಗ ಬಿಚ್ಚಿ, ಕಪ್ಲರ್ ಬದಲಿಸಿ, ಹೊಸ ಎಣ್ಣೆ ತುಂಬಿಸಿ ಮುಚ್ಚಿದರೆ ಮುಗಿಯಿತು. ಸದ್ದು ಆರ್‌ಪಿಎಂ ಜೊತೆ ಏರಿ ಕೊರೆಯುವಂತಾದರೆ ಮಾತ್ರ ಬೇರಿಂಗಿನ ಚಿಂತೆ ಮಾಡಬೇಕು.

ಎಣ್ಣೆಯ ವಿಷಯದಲ್ಲೂ ಗೊಂದಲವಿದೆ. ‘ಎಂಜಿನ್ ಆಯಿಲ್ಲೇ ಬ್ಲೋವರಿಗೂ ಹೋಗುತ್ತದೆ’ ಎನ್ನುವವರುಂಟು, ‘ಸೀಲ್ ಆಗಿದೆ, ಜನ್ಮದಲ್ಲಿ ಬದಲಿಸಬೇಕಿಲ್ಲ’ ಎನ್ನುವವರೂ ಉಂಟು. ಈಟನ್ ಬ್ಲೋವರಿಗೆ ಅದರದೇ ಎಣ್ಣೆ, ಪ್ರಮಾಣ ಪುಟ್ಟ ಬಾಟಲಿಯಷ್ಟು. ಕಪ್ಪಾಗಿ ನಾತ ಹೊಡೆಯುತ್ತಿದ್ದರೆ ಬದಲಿಸಲೇಬೇಕು. ಇನ್ನೊಂದು ಬ್ಲೋವರ್ ಕಂಪನಿ ವೋರ್ಟೆಕ್‌ನ ಹಳೆಯ ಮಾದರಿಗಳು ಎಂಜಿನ್ನಿನಿಂದಲೇ ಎಣ್ಣೆ ಪಡೆಯುತ್ತವೆ. ಡೆನ್ಮಾರ್ಕಿನ ರೋಟ್ರೆಕ್ಸ್‌ಗೆ ಬೇಕಾದದ್ದು ಅದರದೇ ವಿಶೇಷ ಎಣ್ಣೆ. ಅದರಲ್ಲಿ ಹಲ್ಲಿನ ಗೇರೇ ಇಲ್ಲ, ನುಣುಪಾದ ಉರುಳೆಗಳ ನಡುವಿನ ಎಣ್ಣೆಯ ಪದರವೇ ಶಕ್ತಿಯನ್ನು ದಾಟಿಸುತ್ತದೆ. ಅಲ್ಲಿ ಸಿಕ್ಕ ಎಣ್ಣೆ ಸುರಿದರೆ ಯೂನಿಟ್ ಉಳಿಯುವುದಿಲ್ಲ.

‘ಸೂಪರ್‌ಚಾರ್ಜರ್ ಅಂದರೆ ಕೆಳಗಿನಿಂದಲೇ ಎಳೆತ’

ರೂಟ್ಸ್ ಮತ್ತು ಜೋಡಿ ಸ್ಕ್ರೂ ಮಾದರಿಗಳಿಗೆ ಈ ಮಾತು ಒಪ್ಪುತ್ತದೆ. ಸೆಂಟ್ರಿಫ್ಯೂಗಲ್ ಮಾದರಿಯಲ್ಲಿ ಒತ್ತಡ ಏರುವುದು ಹೆಚ್ಚುಕಡಿಮೆ ವೇಗದ ವರ್ಗದಂತೆ. 8,000 ಆರ್‌ಪಿಎಂನಲ್ಲಿ ಎಂಟು ಪಿಎಸ್‌ಐ ಕೊಡುವುದು 4,000ದಲ್ಲಿ ಎರಡರ ಸುತ್ತ ಕೊಡುತ್ತದೆ. ಎತ್ತರದ ಆರ್‌ಪಿಎಂ ಇಷ್ಟಪಡುವ ಹೋಂಡಾ ಎಸ್2000ದಂಥ ಕಾರಿಗೆ ಅದು ಹೊಂದುತ್ತದೆ. ಊರೊಳಗೆ ಮೂರನೇ ಗೇರಿನಲ್ಲೇ ಓಡಾಡುವವರಿಗೆ ನಿರಾಸೆ ಖಚಿತ.

‘ಸದಾ ತಿರುಗುತ್ತಲೇ ಇರುತ್ತದೆ, ಹಾಗಾಗಿ ಸದಾ ಪೆಟ್ರೋಲ್ ಕುಡಿಯುತ್ತದೆ’ ಎಂಬುದೂ ಅರ್ಧ ಸರಿ. ಹಗುರವಾಗಿ ಓಡಿಸುವಾಗ ಮ್ಯಾನಿಫೋಲ್ಡಿನ ನಿರ್ವಾತವೇ ಬೈಪಾಸ್ ವಾಲ್ವನ್ನು ಎಳೆದು ತೆರೆಯುತ್ತದೆ. ಗಾಳಿ ಬ್ಲೋವರಿನ ಹಿಂದೆ ಮುಂದೆ ಸುತ್ತು ಹೊಡೆಯುತ್ತದೆ, ಹೊರೆ ಹೆಚ್ಚು ಬೀಳುವುದಿಲ್ಲ. ಆ ವಾಲ್ವಿನ ಸಣ್ಣ ರಬ್ಬರ್ ಕೊಳವೆ ಕಳಚಿದ್ದರೆ ಮಾತ್ರ ವಾಲ್ವ್ ಮುಚ್ಚಿಯೇ ಇದ್ದು, ಸುಮ್ಮನೆ ಓಡಿಸುವಾಗಲೂ ಗೊಯ್ಯೆನ್ನುವ ಸದ್ದು, ಬಿಸಿ, ಖರ್ಚು ಎಲ್ಲವೂ.

‘ಪೆಟ್ರೋಲಿನ ಪ್ರೆಷರ್ ಏರಿಸಿದರೆ ಆಯಿತು’

ಎಂಜಿನ್ನನ್ನು ಕೊಲ್ಲುವ ನಂಬಿಕೆ ಇದು. 1.6ರ ಮಿಯಾಟಾದಲ್ಲಿ ಒಳಬರುವ ಗಾಳಿಯನ್ನು ಅಳೆಯುವುದು ತೆರೆದು ಮುಚ್ಚುವ ಒಂದು ರೆಕ್ಕೆ. ಗಾಳಿ ಹೆಚ್ಚಿದಂತೆ ರೆಕ್ಕೆ ತೆರೆಯುತ್ತಾ ಹೋಗಿ ಕೊನೆಗೆ ಗೋಡೆಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬ್ಲೋವರ್ ಎಷ್ಟೇ ತಳ್ಳಲಿ, ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತಿಳಿಯುವುದಿಲ್ಲ. ಹಳೇ ಲೆಕ್ಕದಷ್ಟೇ ಪೆಟ್ರೋಲ್ ಬಿಡುತ್ತದೆ, ಮಿಶ್ರಣ ಬಡವಾಗುತ್ತದೆ. ಅದನ್ನು ಸರಿದೂಗಿಸಲು ಬೂಸ್ಟ್ ಜೊತೆ ಪೆಟ್ರೋಲಿನ ಒತ್ತಡವನ್ನೂ ಏರಿಸುವ ರೆಗ್ಯುಲೇಟರುಗಳನ್ನು ಹಾಕುತ್ತಿದ್ದರು. ಐದಾರು ಪಿಎಸ್‌ಐಗೆ ನಡೆಯುತ್ತದೆ. ಅದರಾಚೆಗೆ ಭೌತಶಾಸ್ತ್ರ ಬಿಡುವುದಿಲ್ಲ: ಇಂಜೆಕ್ಟರಿನಿಂದ ಎರಡು ಪಟ್ಟು ಪೆಟ್ರೋಲ್ ಬರಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು, ಮೂರು ಬಾರ್ ಇದ್ದದ್ದು ಹನ್ನೆರಡು. ಒತ್ತಡ ಏರಿದಂತೆ ಪಂಪ್ ತಳ್ಳುವ ಪ್ರಮಾಣವೂ ಇಳಿಯುತ್ತದೆ. ದೊಡ್ಡ ಇಂಜೆಕ್ಟರ್, ಒಳ್ಳೆಯ ಪಂಪ್, ಬೂಸ್ಟನ್ನು ಓದಬಲ್ಲ ಇಸಿಯು, ಇವಿಲ್ಲದೆ ಎಂ62 ಏರಿಸುವುದು ಜೂಜು.

ಕಾರಿನಲ್ಲಿರುವ ಮಾಮೂಲಿ ಆಕ್ಸಿಜನ್ ಸೆನ್ಸರ್ ಗಾಳಿ-ಪೆಟ್ರೋಲಿನ ಅನುಪಾತ 14.7ರ ಆಚೆ ಇದೆಯೋ ಈಚೆ ಇದೆಯೋ ಎಂದಷ್ಟೇ ಹೇಳುತ್ತದೆ. ಬೂಸ್ಟಿನಲ್ಲಿ ನಮಗೆ ಬೇಕಾದದ್ದು 11.5ರಿಂದ 12ರ ನಡುವಿನ ಮಿಶ್ರಣ, ಅದನ್ನು ತೋರಿಸಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಬೂಸ್ಟ್ ಗೇಜಿಗಿಂತ ಮೊದಲು ಕೊಳ್ಳಬೇಕಾದ ಮೀಟರ್ ಅದು.

ಮೇಲಿನ ಆರ್‌ಪಿಎಂನಲ್ಲಿ ಕಾರು ತಡವರಿಸಿದರೆ ಎಲ್ಲರ ಕಣ್ಣೂ ಬ್ಲೋವರಿನ ಮೇಲೆ. ಆದರೆ ಮೊದಲು ನೋಡಬೇಕಾದದ್ದು ಸ್ಪಾರ್ಕ್ ಪ್ಲಗ್ಗನ್ನು. ಒತ್ತಿಟ್ಟ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಗ್ಯಾಪನ್ನು 1.1ರಿಂದ 0.8 ಮಿ.ಮೀ.ಗೆ ಇಳಿಸಿ, ಹಳೆಯ ಪ್ಲಗ್ ವೈರ್ ಬದಲಿಸಿದರೆ ಅರ್ಧಕ್ಕರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

‘91 ಅಂದರೆ 91’

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಇದು ಬೇಕಾದೀತು. ಭಾರತದ ನಮ್ಮ ಬಂಕುಗಳ ಆಕ್ಟೇನ್ ಅಂಕಿ ಆರ್‌ಒಎನ್ ಎಂಬ ಒಂದೇ ಪರೀಕ್ಷೆಯ ಲೆಕ್ಕದ್ದು. ಅಮೆರಿಕದ ಪಂಪಿನ ಮೇಲಿರುವುದು ಎರಡು ಬಗೆಯ ಪರೀಕ್ಷೆಗಳ ಸರಾಸರಿ. ಅಲ್ಲಿನ ಪ್ರೀಮಿಯಂ 91 ನಮ್ಮ ಲೆಕ್ಕಕ್ಕೆ 95-96ರಷ್ಟಾಗುತ್ತದೆ. ಆಕ್ಟೇನ್ ತಾನಾಗಿ ಶಕ್ತಿ ಕೊಡುವುದಿಲ್ಲ, ನಾಕಿಂಗನ್ನು, ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯುವುದನ್ನು, ತಡೆಯುತ್ತದೆ. ಹಳೆಯ ಮಿಯಾಟಾದಲ್ಲಿ ನಾಕ್ ಸೆನ್ಸರ್ ಇಲ್ಲದ್ದರಿಂದ ಕಾರು ತಾನೇ ಎಚ್ಚರ ವಹಿಸುವುದಿಲ್ಲ, ಇಗ್ನಿಷನ್ ಟೈಮಿಂಗ್ ನಿಮ್ಮ ಹೊಣೆ. ಕ್ಯಾಲಿಫೋರ್ನಿಯಾದಲ್ಲಿ ಕಿಟ್‌ಗೆ ರಾಜ್ಯದ ವಾಯುಮಾಲಿನ್ಯ ಮಂಡಳಿಯ ಅನುಮತಿ ಸಂಖ್ಯೆಯೂ ಬೇಕು. ಭಾರತದಲ್ಲಿ ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದರೆ, 2019ರ ತಿದ್ದುಪಡಿಯ ಪ್ರಕಾರ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಮಿಯಾಟಾದ ಆ ಹಳೆಯ ಕಿಟ್‌ಗಳು ಈಗ ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಸಿಗುತ್ತವೆ. ಕೊಳ್ಳುವಾಗ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಹಿಂದೆ ಮುಂದೆ ಎಳೆದು ನೋಡಿ. ಬ್ಲೋವರಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ರೋಟರುಗಳು ಒಂದಕ್ಕೊಂದು ಅಥವಾ ಗೋಡೆಗೆ ಉಜ್ಜಿದ ಗೀರುಗಳಿವೆಯೇ ಹುಡುಕಿ. ಅದರ ಮುಂಭಾಗದ ಎಣ್ಣೆ ಮೂಸಿ ನೋಡಿ. ‘ಹತ್ತು ಪಿಎಸ್‌ಐ ಕೊಡುತ್ತಿತ್ತು’ ಎಂದು ಮಾರುವವನು ಹೊಗಳಿದರೆ, ಆಗ ಮಿಶ್ರಣ ಎಷ್ಟಿತ್ತು ಎಂದು ಕೇಳಿ. ಉತ್ತರ ಬರದಿದ್ದರೆ ಅವನು ಹೇಳಿದ ಬೆಲೆಗೆ ಕೊಳ್ಳಬೇಡಿ.