ತಣ್ಣಗಿನ ಬಾನೆಟ್ ಮೇಲೊಂದು ಅಂಗೈ

ನವೆಂಬರ್ ತಿಂಗಳ ಶಿವಮೊಗ್ಗದಲ್ಲಿ ಬೆಳಗಿನ ಏಳೂವರೆಗೆ ಬಿಸಿಲು ಇನ್ನೂ ನೆಲಕ್ಕೆ ಇಳಿದಿರುವುದಿಲ್ಲ. ಸಾಗರ ರಸ್ತೆಯ ಪಕ್ಕದ ಆ ಹಳೇ ಕಾರುಗಳ ಅಂಗಳದ ಮೇಲೆ ಮಂಜು ತೆಳುವಾಗಿ ಹಾಸಿಕೊಂಡಿದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡ ಹುಡುಗನೊಬ್ಬ ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ನೊರೆ ಸುರಿಯುವ ಸ್ಪಂಜು ಹಿಡಿದು, ಸಾಲಾಗಿ ನಿಂತ ಗಾಡಿಗಳ ಮುಖ ತೊಳೆಯುತ್ತಾ ಬರುತ್ತಿದ್ದಾನೆ. ಶಾಂಪೂವಿನ ವಾಸನೆ, ಒದ್ದೆ ಜಲ್ಲಿಯ ವಾಸನೆ, ಬಾಗಿಲು ತೆರೆದಿಟ್ಟ ಕಾರುಗಳೊಳಗಿಂದ ಬರುವ ಡ್ಯಾಶ್‌ಬೋರ್ಡ್ ಪಾಲಿಶಿನ ಸಿಹಿ ವಾಸನೆ, ಇವೆಲ್ಲದರ ಮೇಲೆ ಎದುರಿನ ಗೂಡಂಗಡಿಯಲ್ಲಿ ಕುದಿಯುವ ಶುಂಠಿ ಚಹಾದ ಘಮ.

ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ, ಬನ್ನಿ. ಎಷ್ಟೇ ತೊಳೆದರೂ ಹಳೆಯ ಗಾಡಿಗಳಲ್ಲಿ ಹಿಂದಿನ ಮನೆಯವರು ಒಂಚೂರು ಉಳಿದೇ ಇರುತ್ತಾರೆ. ಒಂದರ ಹಿಂಗಾಜಿನಲ್ಲಿ ಸ್ಟಿಕ್ಕರ್ ಕೆರೆದ ಗುರುತಿದೆ. ‘ಆಶೀರ್ವಾದ’ ಹೋಗಿ ‘ಅಮ್ಮನ’ ಎಂಬಷ್ಟು ಮಾತ್ರ ನಿಂತಿದೆ. ಇನ್ನೊಂದರ ಕನ್ನಡಿಗೆ ಕಟ್ಟಿದ್ದ ಮಲ್ಲಿಗೆ ಹೂವೆಲ್ಲ ಉದುರಿ ಬಾಳೆನಾರು ಉಳಿದಿದೆ. ಮೂರನೆಯದರ ಹಿಂದಿನ ಸೀಟಿನ ಸಂದಿಯಲ್ಲಿ ಒಂದು ತುಂಡು ನೀಲಿ ಬಳಪ. ಇವೆಲ್ಲಕ್ಕೂ ಒಂದು ದಿನ ಯಾರೋ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದು ಮನೆಗೆ ಕರೆದುಕೊಂಡು ಹೋಗಿದ್ದರು.

ನಾನು ಬಂದಿರುವುದು ತಂಗಿಯ ಮನೆಯವರ ಜೊತೆ. ತಂಗಿ, ಭಾವ, ಅವರ ತಾಯಿ, ಇಬ್ಬರು ಮಕ್ಕಳು. ವಾರವಿಡೀ ಊರೊಳಗೆ ಶಾಲೆ, ಬ್ಯಾಂಕು, ಸಂತೆ. ದಿನಕ್ಕೆ ಎಂಟು ಕಿಲೋಮೀಟರೂ ಆಗುವುದಿಲ್ಲ. ಶನಿವಾರ ಬಂತೆಂದರೆ ತೀರ್ಥಹಳ್ಳಿ ಆಚೆಯ ತೋಟದ ಮನೆ. ಡಾಂಬರು ಮುಗಿದ ಮೇಲೆ ಕೊನೆಯ ಅರ್ಧ ಮೈಲಿ ಮಣ್ಣಿನ ದಾರಿ, ಅದರ ತುದಿಗೆ ಜಂಬಿಟ್ಟಿಗೆಯ ಏರು. ಆರು ತಿಂಗಳ ಮಳೆ ಆ ಏರಿನ ನಡುವೆ ಕಾಲುವೆ ಕೊರೆದಿಟ್ಟಿರುತ್ತದೆ. ಅವರ ಹಳೆಯ ಹ್ಯಾಚ್‌ಬ್ಯಾಕಿನ ಹೊಟ್ಟೆ ಅಲ್ಲಿ ಪ್ರತಿ ಸಲ ಕರಕರ ಎಂದು ನೆಲ ಉಜ್ಜುತ್ತದೆ. ಆ ಸದ್ದಿಗೆ ಕಾರಿನಲ್ಲಿದ್ದ ಎಲ್ಲರೂ ಒಟ್ಟಿಗೆ ಉಸಿರು ಬಿಗಿ ಹಿಡಿಯುವುದನ್ನು ನಾನೇ ನೋಡಿದ್ದೇನೆ. ಬರುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಬಾಳೆಗೊನೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಮೂಟೆ. ಈ ಸಲವೂ ಕೊಯ್ಲು ಶುರುವಾಗಿದೆ, ಮನೆಯಂಗಳದಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ಹಬ್ಬಿದೆ. ಆದರೆ ಎಲೆಚುಕ್ಕಿ ರೋಗ ತೋಟಕ್ಕೆ ಕಾಲಿಟ್ಟ ಮೇಲೆ ಫಸಲು ಮೊದಲಿನಂತಿಲ್ಲ. ಗಾಡಿಗೆಂದು ಎತ್ತಿಟ್ಟ ದುಡ್ಡು ಎಷ್ಟೆಂದು ಭಾವ ಮನೆಯಲ್ಲೇ ಖಚಿತ ಮಾಡಿಕೊಂಡು ಬಂದಿದ್ದಾರೆ.

ತಂಗಿಯ ಅತ್ತೆಗೆ ಮಂಡಿನೋವು. ಅವರು ಕಾರಿನೊಳಗೆ ಹೇಗೆ ಕೂರುತ್ತಾರೆ ಎಂಬುದನ್ನು ಸುಮ್ಮನೆ ನೋಡಿ. ಮೊದಲು ಬಾಗಿಲ ಮೇಲಂಚನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಬಲಗೈಯಲ್ಲಿ ಸೀರೆಯ ನಿರಿಗೆ ಒಟ್ಟುಮಾಡಿಕೊಳ್ಳುತ್ತಾರೆ. ಕಾರಿಗೆ ಬೆನ್ನು ಕೊಟ್ಟು ನಿಂತು ಮೆಲ್ಲಗೆ ಸೀಟಿನ ಅಂಚಿಗೆ ಒರಗುತ್ತಾರೆ. ಆಮೇಲೆ ಒಂದು ಕಾಲು, ಒಂದು ಕ್ಷಣ ಬಿಟ್ಟು ಇನ್ನೊಂದು. ತಗ್ಗಿನ ಕಾರಾದರೆ ಸೀಟು ಅವರ ಸೊಂಟಕ್ಕಿಂತ ಒಂದು ಗೇಣು ಕೆಳಗಿರುತ್ತದೆ. ಆ ಗೇಣಿನಷ್ಟು ದೂರ ಅವರು ನೋವಿನಲ್ಲೇ ಇಳಿಯಬೇಕು, ಏಳುವಾಗ ಅದೇ ನೋವಿನಲ್ಲಿ ಹತ್ತಬೇಕು. ಅಂಗಳದ ಮೂಲೆಯಲ್ಲಿ ನಿಂತಿದ್ದ ಕೆಂಪು ಬಣ್ಣದ ಎತ್ತರದ ಗಾಡಿಯಲ್ಲಿ ಅವರು ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಕೂತರು, ಅಷ್ಟೆ.

“ಜಗಲಿ ಮೇಲೆ ಕೂತಂಗಾಯ್ತು ಮಾರಾಯ್ತಿ,” ಎಂದರು ಸೊಸೆಗೆ.

ಹಿಂದಿನ ದಿನವೇ ಎರಡು ಹೊಸ ಷೋರೂಮು ಸುತ್ತಿ ಬಂದಿದ್ದೆವು. ಅಲ್ಲಿ ತಂಪು ಗಾಳಿ, ಕನ್ನಡಿಯಂಥ ನೆಲ, ಬಿಸ್ಕತ್ತಿನ ಜೊತೆ ಕಾಫಿ. ಒಂದು ಮೂಲೆಯಲ್ಲಿ ಸ್ಯಾಟಿನ್ ಬಟ್ಟೆ ಸರಿಸಿ ಯಾರಿಗೋ ಕೀಲಿಕೈ ಕೊಡುತ್ತಿದ್ದರು. ಅಜ್ಜಿಯೊಬ್ಬರು ಹೊಸ ಗಾಡಿಯ ಬಾನೆಟ್ ಮೇಲೆ ಅಕ್ಷತೆ ಹಾಕಿ ಕಣ್ಣು ಮುಚ್ಚಿ ನಿಂತಿದ್ದರು. ಎಷ್ಟು ಹೊತ್ತು ನೋಡಿದರೂ ಸಾಲದ ದೃಶ್ಯ ಅದು. ಆಮೇಲೆ ಸೇಲ್ಸ್ ಹುಡುಗಿ ಲೆಕ್ಕದ ಹಾಳೆ ಮುಂದಿಟ್ಟಳು. ಷೋರೂಮ್ ಬೆಲೆಯ ಕೆಳಗೆ ಜೀವಾವಧಿ ತೆರಿಗೆ, ಇನ್ಶೂರೆನ್ಸ್, ಸೀಟ್ ಕವರ್, ಮ್ಯಾಟು. ನಮ್ಮ ರಾಜ್ಯದಲ್ಲಿ ನಾವು ನೋಡಿದಂಥ ಗಾಡಿಯ ಬೆಲೆ 10 ಲಕ್ಷದೊಳಗಿದ್ದರೆ ನೂರಕ್ಕೆ 14, ಅದು ದಾಟಿದರೆ ನೂರಕ್ಕೆ 17, ಆ ತೆರಿಗೆಯ ಮೇಲೆ ಮತ್ತೆ ನೂರಕ್ಕೆ 11ರಂತೆ ಸೆಸ್. ಹತ್ತೂವರೆ ಲಕ್ಷದ ಗಾಡಿಗೆ ರಸ್ತೆಗೆ ಇಳಿಯುವ ಮೊದಲೇ ಹತ್ತಿರ ಹತ್ತಿರ 2 ಲಕ್ಷ. ಭಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

ಹೊಸದಾಗಲಿ ಹಳೆಯದಾಗಲಿ, ಈ ಪುಟ್ಟ ಎಸ್‌ಯುವಿ ಜಾತಿಯ ಗಾಡಿಗಳನ್ನು ಪಕ್ಕದಿಂದ ನೋಡಿ. ಮುಂದುಗಡೆ ಎದೆಯುಬ್ಬಿಸಿ ನಿಂತ ಗಾಡಿ ಹಿಂದುಗಡೆ ಬರುವಷ್ಟರಲ್ಲಿ ಕತ್ತರಿಸಿಟ್ಟಂತೆ ಮುಗಿದುಹೋಗುತ್ತದೆ. ಟೇಪು ಹಿಡಿದರೆ ಬ್ರೆಝಾ ಇರಲಿ, ವೆನ್ಯೂ ಇರಲಿ, ಸಾನೆಟ್ ಇರಲಿ, ಉದ್ದ 3995 ಮಿಲಿಮೀಟರು. ನಾಲ್ಕು ಮೀಟರಿಗೆ ಅಕ್ಕಿಕಾಳಿನಷ್ಟು ಕಡಿಮೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳಿಗೆ ತೆರಿಗೆ ಇಳಿಸಿದಾಗ ಎಳೆದ ಗೆರೆ ಅದು. ಉದ್ದ ನಾಲ್ಕು ಮೀಟರಿನೊಳಗೆ, ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಒಳಗೆ. ಇವತ್ತಿಗೂ ಆ ಗೆರೆ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಗಾಡಿಗಳಿಗೆ ಜಿಎಸ್‌ಟಿ ನೂರಕ್ಕೆ 18, ಹೊರಗಿನವಕ್ಕೆ 40. ಉದ್ದದಲ್ಲಿ ಒಳಗಿದ್ದೂ ಬ್ರೆಝಾದ 1462 ಸಿಸಿ ಪೆಟ್ರೋಲ್ ಎಂಜಿನ್ ಅದನ್ನು ಹೊರಗಿನ ಸಾಲಿನಲ್ಲಿ ನಿಲ್ಲಿಸಿದೆ.

ಎಂಟು ಗಂಟೆಗೆ ಅಂಗಳಕ್ಕೆ ಸ್ಕೂಟರಿನಲ್ಲಿ ನಮ್ಮ ಮೆಕ್ಯಾನಿಕ್ ಭಾಯ್ ಬಂದರು. ಮೂವತ್ತು ವರ್ಷದಿಂದ ಗ್ರೀಸಿನಲ್ಲೇ ಬದುಕಿದ ಕೈ. ಉಗುರಿನ ಸುತ್ತ ಕಪ್ಪು ಗೆರೆ ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ. ಬಂದವರು ಮಾತಾಡಲಿಲ್ಲ, ಟಾರ್ಚೂ ತೆಗೆಯಲಿಲ್ಲ. ಮುಂದಿನ ಸಾಲಿನಲ್ಲಿ ಫಳಫಳ ಹೊಳೆಯುತ್ತಿದ್ದ ಬಿಳಿ ಡೀಸೆಲ್ ಗಾಡಿಯ ಹತ್ತಿರ ಹೋಗಿ ಬಾನೆಟ್ ಮೇಲೆ ಅಂಗೈ ಊರಿ ನಿಂತರು, ಮಗುವಿನ ಜ್ವರ ನೋಡುವ ಹಾಗೆ.

“ಬೆಚ್ಚಗಿದೆ ಸಾರ್. ನಾವು ಬರೋಕ್ ಮುಂಚೆನೇ ಯಾರೋ ಸ್ಟಾರ್ಟ್ ಮಾಡಿದಾರೆ.”

ರಾತ್ರಿಯಿಡೀ ನಿಂತ ಎಂಜಿನ್ ಬೆಳಿಗ್ಗೆ ಮೊದಲ ಸಲ ಏಳುವಾಗ ತನ್ನ ಕಾಯಿಲೆಯನ್ನೆಲ್ಲ ಹೇಳಿಬಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಒಮ್ಮೆ ಬಿಸಿ ಮಾಡಿಟ್ಟರೆ ಅದರಲ್ಲಿ ಅರ್ಧ ಮುಚ್ಚಿಹೋಗುತ್ತದೆ. ಭಾಯ್ ಆ ಗಾಡಿಯ ಬಾಗಿಲು ತೆಗೆದು ಕ್ಲಚ್ ಪೆಡಲನ್ನು ತೋರಿಸಿದರು. ಮೀಟರು 52,000 ಕಿಲೋಮೀಟರ್ ಎನ್ನುತ್ತಿದೆ, ಪೆಡಲಿನ ರಬ್ಬರು ಮಾತ್ರ ಗೆರೆಯೆಲ್ಲ ಸವೆದು ಹಳೇ ಮಣೆಯಂತೆ ನುಣುಪಾಗಿದೆ. ಅಂಗಡಿಯವರು ಬಂದು ಬೆಲೆ ಇಳಿಸುವ ಮಾತಾಡಿದರು. ಭಾಯ್ ಬಾಗಿಲು ಮುಚ್ಚಿ ಮುಂದೆ ನಡೆದರು.

ಡೀಸೆಲ್ ನಮಗೆ ಹೇಗೂ ಹೊಂದುತ್ತಿರಲಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಶಾಲೆಗೂ ಸಂತೆಗೂ ಎರಡೆರಡು ಕಿಲೋಮೀಟರ್ ಓಡುವ ಮನೆಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ.

ಕೆಂಪು ಗಾಡಿಯ ಬಾನೆಟ್ ಮೇಲೆ ಇಬ್ಬನಿ ಹಾಗೇ ಕೂತಿತ್ತು. ಭಾಯ್ ಅಂಗೈ ಇಟ್ಟು ತೆಗೆದಾಗ ಐದು ಬೆರಳಿನ ಗುರುತು ಮೂಡಿತು. 2019ರ ಪೆಟ್ರೋಲ್ ನೆಕ್ಸಾನ್, ಒಬ್ಬರೇ ಓನರು, ಮೀಟರಿನಲ್ಲಿ 41,000. ಎಡಬಾಗಿಲ ಮೇಲೆ ಗೇಟಿಗೆ ಉಜ್ಜಿದ ಒಂದು ಉದ್ದನೆಯ ಗೀರು. ತಂಗಿ ಅದನ್ನು ನೋಡಿ ಮುಖ ಸಣ್ಣದು ಮಾಡಿದಳು, ಭಾಯ್ ಮುಖ ಅರಳಿತು. ಬಣ್ಣ ಬಳಿದು ಮುಚ್ಚದ ಗೀರು ಅವರಿಗೆ ಇಷ್ಟ. ಬಾಗಿಲಂಚಿನ ರಬ್ಬರ್ ಬೀಡಿಂಗನ್ನು ಕಿತ್ತು ಒಳಗಿನ ಕಂಪನಿ ವೆಲ್ಡಿಂಗ್ ಚುಕ್ಕಿಗಳನ್ನು ಬೆರಳಿನಲ್ಲಿ ಎಣಿಸುವಂತೆ ಸವರಿದರು. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಬಿದ್ದ ಗುರುತಿದೆಯೇ ಎಂದು ಬಗ್ಗಿ ನೋಡಿದರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮೂಗಿನ ಹತ್ತಿರ ಹಿಡಿದರು. ಪ್ರವಾಹದಲ್ಲಿ ಮುಳುಗಿದ ಗಾಡಿಯ ಸೀಟು, ಕಾರ್ಪೆಟ್ಟು ಎಲ್ಲ ಬದಲಾಯಿಸಬಹುದು, ಸುರುಳಿಯೊಳಗಿನ ಬೆಲ್ಟನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ, ಮಣ್ಣಿನ ಗೆರೆ ಅಲ್ಲೇ ಉಳಿದಿರುತ್ತದೆ. ಇದರಲ್ಲಿ ಏನೂ ಇರಲಿಲ್ಲ.

ಆಮೇಲೆ ಕುಕ್ಕರುಗಾಲಲ್ಲಿ ಕೂತು ಟೈರಿನ ಪಕ್ಕೆ ಒರೆಸಿದರು. ಪುಟ್ಟ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ: 2319. ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರಿನಲ್ಲಿ ಅದೇ ಆಸುಪಾಸಿನ ಅಂಕಿ. ಗಾಡಿಯ ಜೊತೆ ಬಂದ ಟೈರು ಇನ್ನೂ ಬದಲಾಗಿಲ್ಲವೆಂದರೆ ಮೀಟರು ಹೇಳುವ ಲೆಕ್ಕ ನಿಜವಿರಬಹುದು. ಆದರೆ ಆರು ವರ್ಷಕ್ಕೆ ರಬ್ಬರು ಗಟ್ಟಿಯಾಗಿ ಕೂದಲೆಳೆಯಂಥ ಬಿರುಕು ಬಿಟ್ಟಿದೆ; ಆಗುಂಬೆ ಘಾಟಿಯ ಮಳೆಗೆ ಇವು ಆಗುವುದಿಲ್ಲ. “ನಾಲ್ಕೂ ಹೊಸದು ಹಾಕ್ಬೇಕು, ಮೂವತ್ ಸಾವಿರದ ಹತ್ರ. ರೇಟಲ್ಲಿ ಕಡಿಮೆ ಮಾಡ್ಸಿ ಸಾರ್,” ಎಂದು ಭಾವನ ಕಿವಿಯಲ್ಲಿ ಹೇಳಿದರು.

ಕೀಲಿ ತಿರುಗಿಸಿದೊಡನೆ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಮೂರು ಸಿಲಿಂಡರಿನ ಸಣ್ಣ ನಡುಕ ಸೀಟಿಗೆ ತಾಗಿತು. ಅದು ಇದರ ಹುಟ್ಟುಗುಣ. ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರಿನ ಕಡೆ ಹೊರಟೆವು. ರೇಡಿಯೋ ಬಂದ್, ಕಿಟಕಿ ಬಂದ್, ಮಕ್ಕಳ ಬಾಯೂ ಬಂದ್. ಭಾಯ್ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ. ಹಂಪು ಹಾರಿದಾಗ ಕೆಳಗಿನಿಂದ ಬರುವ ಸದ್ದು, ಬ್ರೇಕು ಒತ್ತಿದಾಗ ಗಾಡಿ ಯಾವ ಕಡೆ ವಾಲುತ್ತದೆ, ನೇರ ರಸ್ತೆಯಲ್ಲಿ ಸ್ಟೇರಿಂಗ್ ಸಡಿಲ ಬಿಟ್ಟರೆ ಎತ್ತ ಎಳೆಯುತ್ತದೆ, ಎಲ್ಲವನ್ನೂ ಕಿವಿಯಿಂದಲೇ ನೋಡುತ್ತಿದ್ದಾರೆ. ಜಲಾಶಯದ ಹತ್ತಿರದ ಬಯಲಿನಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಎರಡು ಸುತ್ತು ಹೊಡೆಸಿದರು. ಚಕ್ರದಿಂದ ಟಕಟಕ ಬರಲಿಲ್ಲ. ತುಂಗೆಯ ನೀರಿನ ಮೇಲೆ ಮಂಜು ಸರಿದು ಬಿಸಿಲು ಬಿತ್ತು. ಸಕ್ರೆಬೈಲಿನ ಆನೆ ನೋಡಿಕೊಂಡು ಬರೋಣ ಎಂದು ಮಕ್ಕಳು ಹಟ ಹಿಡಿದರು.

ಆ ಬಿಸಿಲಿನಲ್ಲಿ ನಿಂತು, ಈ ಗಾಡಿ ಎಷ್ಟು ಸುರಕ್ಷಿತ ಎಂದು ತಂಗಿ ಕೇಳಿದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಇದರಲ್ಲಿ ಏರ್‌ಬ್ಯಾಗು ಎರಡೇ. ಈಗಿನ ಹೊಸ ನೆಕ್ಸಾನಿನಲ್ಲಿ ಆರು. 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದ ನಮ್ಮ ದೇಶದ ಮೊದಲ ಕಾರು ಇದೇ, ನಿಜ. ಮಕ್ಕಳ ರಕ್ಷಣೆಗೆ ಆಗ ಸಿಕ್ಕಿದ್ದು ಮೂರು. ಸಾಲದ ಭಾರವಿಲ್ಲದೆ ಆರು ಏರ್‌ಬ್ಯಾಗಿನ ಹೊಸ ಗಾಡಿ ಕೊಳ್ಳುವ ಶಕ್ತಿಯಿದ್ದರೆ ಹೊಸದನ್ನೇ ಕೊಳ್ಳಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಫಸಲು ಸೋತ ವರ್ಷದಲ್ಲಿ ಐದು ವರ್ಷದ ಕಂತು ಹೊರುವುದು ಬೇಡವೆಂದು ಅವರು ನಿಶ್ಚಯಿಸಿದ್ದರು. ಉಳಿದ ದುಡ್ಡಿನಲ್ಲಿ ಹೊಸ ಟೈರೂ, ಚಿಕ್ಕವನಿಗೆ ಮಕ್ಕಳ ಸೀಟೂ ಬರಲಿ ಎಂದು ನಾನು ಪಟ್ಟು ಹಿಡಿದೆ. ಹಿಂದಿನ ಸೀಟಿನಲ್ಲಿ ಅದನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಈ ಗಾಡಿಯಲ್ಲಿದೆ.

ಅದೇ ಮಧ್ಯಾಹ್ನ ಭಾವ ಗಾಡಿಯನ್ನು ಪರೀಕ್ಷೆಗೆಂದು ತೋಟದ ಮನೆಯ ಏರಿಗೆ ಒಯ್ದರು. ನೆಲದಿಂದ 209 ಮಿಲಿಮೀಟರ್ ಎತ್ತರವೆಂದು ಕಂಪನಿಯ ಲೆಕ್ಕ. ಹಳೆಯ ಕಾರಿಗಿಂತ ಎರಡು ಬೆರಳು ಜಾಸ್ತಿ. ಕೊರಕಲಿನ ಮೇಲೆ ಗಾಡಿ ಒಮ್ಮೆ ಎಡಕ್ಕೆ ವಾಲಿ, ನೆಟ್ಟಗಾಗಿ, ಸದ್ದಿಲ್ಲದೆ ಅಂಗಳಕ್ಕೆ ಬಂದು ನಿಂತಿತು.

ಕೇಳಿದ್ದು ಐದೂಮುಕ್ಕಾಲು ಲಕ್ಷ, ಮುಗಿದದ್ದು ಐದೂಕಾಲಿಗೆ. ಅಂಗಡಿಯವರು ಫಾರಂ 29, 30 ಮೇಜಿನ ಮೇಲೆ ಹರಡಿದರು. ಹಿಂದಿನವರ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬಂದ ಮೇಲೆಯೇ ಭಾವ ದುಡ್ಡು ಕೊಟ್ಟರು. ಕೆಎ 14 ನಂಬರಾದ್ದರಿಂದ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕಿರಲಿಲ್ಲ. ಹೊರರಾಜ್ಯದ ಗಾಡಿಯಾಗಿದ್ದರೆ ಅಗ್ಗವೆಂದು ಕಂಡದ್ದೆಲ್ಲ ಅಲ್ಲಿಗೇ ಕರಗುತ್ತಿತ್ತು.

ನೀವೂ ಗಾಡಿ ನೋಡಲು ಹೊರಟಿದ್ದರೆ ಬೆಳಿಗ್ಗೆ ಬೇಗ ಹೋಗಿ. ನಂಬುವ ಮೆಕ್ಯಾನಿಕ್ ಒಬ್ಬರನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಆರ್‌ಸಿಯನ್ನು 30 ದಿನದೊಳಗೆ, ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು, ತಣ್ಣಗಿದೆಯೇ ಎಂದು ನೋಡಿ.