ಕಡಲ ಮಕ್ಕಳಿಗೆ ಅಲೆ ಕಲಿಸಹೊರಟವರಿಗೆ

ದಕ್ಷಿಣ ಅಮೆರಿಕದ ಪೆರು ದೇಶದ ಉತ್ತರ ಕರಾವಳಿಯಲ್ಲಿ, ತ್ರುಹಿಯೊ ನಗರಕ್ಕೆ ಸಮೀಪದಲ್ಲಿ, ಹುವಾಂಚಾಕೊ ಎಂಬ ಮೀನುಗಾರರ ಊರಿದೆ. ಅಲ್ಲಿಯ ಮರಳ ದಂಡೆಯಲ್ಲಿ ಜೊಂಡುಹುಲ್ಲಿನ ದೋಣಿಗಳು ಮೂತಿ ಮೇಲಕ್ಕೆತ್ತಿ ಸಾಲಾಗಿ ನಿಂತು ಒಣಗುತ್ತಿರುತ್ತವೆ. ಅವುಗಳಿಗೆ ಅನತಿ ದೂರದಲ್ಲೇ ಸರ್ಫಿಂಗ್ ಹಲಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಹಲಗೆಯ ಮೇಲೆ ನಿಂತು, ದಡದತ್ತ ಧಾವಿಸುವ ಅಲೆಯನ್ನು ಸವಾರಿ ಮಾಡುವ ಕ್ರೀಡೆಯೇ ಸರ್ಫಿಂಗ್. ಈ ಊರಿನ ಬಡ ಮಕ್ಕಳಿಗೆ ಅದನ್ನು ಕಲಿಸಲೆಂದು ಯುರೋಪು, ಉತ್ತರ ಅಮೆರಿಕಗಳಿಂದ ಯುವಜನರು ಸ್ವಯಂಸೇವಕರಾಗಿ ಬಂದು ಹೋಗುವ ರೂಢಿ ಬೆಳೆದಿದೆ.

ನಮ್ಮ ಕರಾವಳಿಗೂ ಈ ಕ್ರೀಡೆ ಹೊಸತಾಗಿ ಉಳಿದಿಲ್ಲ. ಮೂಲ್ಕಿಯಲ್ಲಿ ಇದನ್ನು ಕಲಿಸುವವರಿದ್ದಾರೆ. 2016ರ ಮೇ ತಿಂಗಳಲ್ಲಿ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಹೀಗಾಗಿ, "ನಾವೂ ಒಂದೆರಡು ತಿಂಗಳು ವಿದೇಶದ ಅಂಥ ಊರಿಗೆ ಹೋಗಿ ಸೇವೆ ಮಾಡಿ ಬರಬಹುದಲ್ಲವೇ ಫಾದರ್?" ಎಂದು ಯುವಕರು ಕೇಳುವುದುಂಟು. ಪ್ರಶ್ನೆ ಒಳ್ಳೆಯದು. ಆದರೆ ಹೋಗಬಹುದೇ ಎಂಬುದಕ್ಕಿಂತ ಮೊದಲು, ಹೋದವನು ಅಲ್ಲಿ ಗುರುವೋ ಶಿಷ್ಯನೋ ಎಂಬುದನ್ನು ವಿಚಾರಿಸಬೇಕಾಗಿದೆ.

ಹುವಾಂಚಾಕೊದ ಜೊಂಡಿನ ದೋಣಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಕಬಾಯೀತೊ ದೆ ತೊತೊರಾ', ಅಂದರೆ 'ಜೊಂಡಿನ ಪುಟ್ಟ ಕುದುರೆ' ಎಂದು ಹೆಸರು. ಮೀನುಗಾರನು ಅದರ ಮೇಲೆ ಮಂಡಿಯೂರಿಯೋ ಕಾಲು ಇಳಿಬಿಟ್ಟೋ ಕುಳಿತು, ಸೀಳಿದ ಬಿದಿರಿನ ಹುಟ್ಟಿನಿಂದ ಅಲೆಗಳನ್ನು ದಾಟಿ ಹೋಗುತ್ತಾನೆ. ಬಲೆಯ ಕೆಲಸ ಮುಗಿಸಿ, ಅಲೆಯನ್ನೇ ಏರಿ ದಡಕ್ಕೆ ಮರಳುತ್ತಾನೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮೊಚೆ ಜನಾಂಗದ ಮಡಕೆಗಳ ಮೇಲೆ ಇಂಥ ದೋಣಿಗಳ ಚಿತ್ರಗಳಿವೆ. ಯೇಸುಸಭೆಯ ಗುರು ಹೊಸೆ ದೆ ಅಕೋಸ್ತಾ ಅವರು 1590ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಜೊಂಡಿನ ಕಟ್ಟುಗಳ ಮೇಲೆ ಸವಾರರಂತೆ ಕುಳಿತು ಅಲೆಗಳನ್ನು ಸೀಳಿ ಸಾಗುವ ಪೆರುವಿನ ಮೀನುಗಾರರನ್ನು ಬೆರಗಿನಿಂದ ವರ್ಣಿಸಿದ್ದಾರೆ. 2003ರಲ್ಲಿ ಪೆರು ಸರಕಾರವು ಈ ದೋಣಿಯನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿತು. ಇದೇ ಊರಿನ ಪಿಕೊಲೊ ಕ್ಲೆಮೆಂತೆ ಎಂಬ ಯುವಕ 2013 ಮತ್ತು 2015ರಲ್ಲಿ ಉದ್ದಹಲಗೆಯ ಸರ್ಫಿಂಗಿನಲ್ಲಿ ವಿಶ್ವ ಚಾಂಪಿಯನ್ ಆದನು. ಅಲೆಯ ವಿದ್ಯೆ ಆ ಊರಿಗೆ ಹೊರಗಿನಿಂದ ಬರಬೇಕಾದುದೇನಲ್ಲ.

ಹಾಗಾದರೆ ಸ್ವಯಂಸೇವಕರಿಗೆ ಅಲ್ಲಿ ಕೆಲಸವೇ ಇಲ್ಲವೇ? ಇದೆ. ಹುವಾಂಚಾಕೊದ ಸುತ್ತಣ ಒಣ ದಿಬ್ಬಗಳ ಮೇಲೆ, ಆಂಡಿಸ್ ಪರ್ವತ ಪ್ರದೇಶದಿಂದ ಕೆಲಸ ಅರಸಿ ಬಂದ ಕುಟುಂಬಗಳು ನೆಲೆಸಿವೆ. ಆ ಮಕ್ಕಳಿಗೆ ಕಡಲು ಕಣ್ಣಿಗೆ ಹತ್ತಿರ, ಬದುಕಿಗೆ ದೂರ. ಈಜು ಬಾರದು, ಹಂಬೋಲ್ಟ್ ಶೀತಪ್ರವಾಹದ ತಣ್ಣನೆಯ ನೀರಿನಲ್ಲಿ ತೊಡಬೇಕಾದ ರಬ್ಬರಿನ ಉಡುಪನ್ನಾಗಲೀ ಹಲಗೆಯನ್ನಾಗಲೀ ಕೊಳ್ಳುವ ಶಕ್ತಿ ಮನೆಯವರಿಗಿಲ್ಲ. ಶಾಲೆ ಬಿಟ್ಟ ಮೇಲೆ ಅವರನ್ನು ಕೂಡಿಸಿ, ಮೊದಲು ಈಜು, ಆಮೇಲೆ ನೀರಿನ ಸೆಳೆತವನ್ನು ಗುರುತಿಸುವ ಬಗೆ, ಕೊನೆಗೆ ಹಲಗೆಯ ಮೇಲೆ ಎದ್ದು ನಿಲ್ಲುವ ಬಗೆ ಕಲಿಸುವುದು ಸಣ್ಣ ಸೇವೆಯಲ್ಲ. ತಪ್ಪದೆ ಶಾಲೆಗೆ ಹೋದರೆ ಮಾತ್ರ ಹಲಗೆ ಎಂಬ ಷರತ್ತು ಇಂಥ ಕಾರ್ಯಕ್ರಮಗಳಲ್ಲಿ ಸಾಮಾನ್ಯ. ಸದ್ಗುಣವು ಉಪದೇಶದಿಂದಲ್ಲ, ಅಭ್ಯಾಸದಿಂದ ಬರುತ್ತದೆಂದು ಅರಿಸ್ಟಾಟಲ್ ಬೋಧಿಸಿದನು. ಸರಿಯಾದ ಅಲೆಗಾಗಿ ಕಾಯುವುದು, ಬಿದ್ದರೆ ಏಳುವುದು, ಪಕ್ಕದವನ ಸರದಿಯನ್ನು ಗೌರವಿಸುವುದು – ಇವನ್ನೆಲ್ಲ ಮಗುವು ಕಡಲಲ್ಲಿ ಮೈಯಿಂದಲೇ ಕಲಿಯುತ್ತದೆ.

ಆದರೆ ಅಪಾಯವೂ ಇಲ್ಲಿಯೇ ಇದೆ. ಸ್ವಯಂಸೇವಕನು ನಾಲ್ಕು ವಾರ ಇರುತ್ತಾನೆ, ಮಗು ಅವನನ್ನು ಹಚ್ಚಿಕೊಳ್ಳುತ್ತದೆ, ಅವನು ಹೊರಟುಹೋಗುತ್ತಾನೆ. ಮತ್ತೊಬ್ಬನು ಬರುತ್ತಾನೆ, ಅವನೂ ಹೋಗುತ್ತಾನೆ. ಹೋದವನ ಬಳಿ ಸುಂದರವಾದ ಛಾಯಾಚಿತ್ರಗಳಿರುತ್ತವೆ. ಮಗುವಿನ ಬಳಿ ಏನಿರುತ್ತದೆ? ಪ್ರೀತಿಯೆಂದರೆ ಪರರ ಹಿತವನ್ನು ಬಯಸುವುದೆಂದು ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಹೇಳಿದರು. ಸೇವೆಯಿಂದ ನಮಗೆ ಸಿಗುವ ಸಂತೋಷ ಪಾಪವಲ್ಲ. ಆದರೆ ಆ ಸಂತೋಷವೇ ಗುರಿಯಾಗಿ ಮಗುವು ಅದಕ್ಕೆ ಸಾಧನವಾದರೆ, ಅಲ್ಲಿ ಸೇವೆ ಪಡೆದವರು ನಾವೇ ಹೊರತು ಮಗುವಲ್ಲ.

ಇದಕ್ಕೆ ಪರಿಹಾರವಿಲ್ಲದಿಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ 'ವೇವ್ಸ್ ಫಾರ್ ಚೇಂಜ್' ಎಂಬ ಸಂಸ್ಥೆ ಹಿಂಸೆ, ಬಡತನಗಳ ನಡುವೆ ಬೆಳೆಯುವ ಮಕ್ಕಳಿಗೆ ಸರ್ಫಿಂಗಿನ ಮೂಲಕ ಮನಸ್ಸಿನ ನೆಮ್ಮದಿಯನ್ನು ಕೊಡಲು ಯತ್ನಿಸುತ್ತಿದೆ. ಅಲ್ಲಿ ಮಕ್ಕಳ ಕೈ ಹಿಡಿದು ನೀರಿಗಿಳಿಸುವವರು ಆ ಬಡಾವಣೆಗಳಲ್ಲೇ ಹುಟ್ಟಿ ಬೆಳೆದು ತರಬೇತಿ ಪಡೆದ ಯುವಕ ಯುವತಿಯರು. ನಾಳೆಯೂ ಅದೇ ಓಣಿಯಲ್ಲಿ ಎದುರಾಗುವ ಅಣ್ಣನನ್ನೋ ಅಕ್ಕನನ್ನೋ ನಂಬಲು ಮಗುವಿಗೆ ಭಯವಿಲ್ಲ. 2017ರಲ್ಲಿ ಈ ಸಂಸ್ಥೆಗೆ ಲಾರಿಯಸ್ ಪ್ರಶಸ್ತಿ ದೊರೆತುದು ಯೋಗ್ಯವೇ ಆಗಿದೆ. ಹೊರಗಿನಿಂದ ಬಂದವನ ನಿಜವಾದ ಕೆಲಸವೆಂದರೆ ತನ್ನ ಜಾಗದಲ್ಲಿ ಊರಿನವನೊಬ್ಬ ನಿಲ್ಲುವಂತೆ ಮಾಡುವುದು.

ಊರಿನ ಅಳಲನ್ನು ಕೇಳಿಸಿಕೊಳ್ಳುವುದೂ ಸೇವೆಯ ಭಾಗವೇ. ಜೊಂಡಿನ ದೋಣಿ ಬಹುಕಾಲ ಬಾಳದು. ನೀರು ಹೀರಿ ಭಾರವಾದಂತೆ ಹೊಸತನ್ನು ಕಟ್ಟಲೇಬೇಕು. ಅದಕ್ಕೆ ಬೇಕಾದ ಜೊಂಡನ್ನು ಮೀನುಗಾರರು ದಂಡೆಯ ಹಿಂದೆ ತೋಡಿದ ಹೊಂಡಗಳಲ್ಲಿ ಬೆಳೆಸುತ್ತಾರೆ. ಆ ಹೊಂಡಗಳನ್ನು ಈಗ ಕಡಲ್ಕೊರೆತ ಬಾಧಿಸುತ್ತಿದೆ. ದಕ್ಷಿಣದ ಸಾಲವೆರಿ ಬಂದರಿನ ತಡೆಗೋಡೆ ಮರಳಿನ ಹರಿವನ್ನು ಹಿಡಿದಿಟ್ಟುದೇ ಇದಕ್ಕೆ ಕಾರಣವೆಂದು ಅಲ್ಲಿಯ ಜನರ ದೂರು. ಕಡಲ್ಕೊರೆತವೆಂದರೇನೆಂದು ಉಳ್ಳಾಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2013ರಲ್ಲಿ ಹುವಾಂಚಾಕೊ 'ವಿಶ್ವ ಸರ್ಫಿಂಗ್ ಮೀಸಲು ತಾಣ' ಎಂಬ ಮನ್ನಣೆ ಪಡೆಯಿತು. ಆದರೆ ಅಲೆ ಉಳಿದು, ಜೊಂಡೂ ಜೊಂಡು ಹೆಣೆಯುವ ಕೈಗಳೂ ಉಳಿಯದಿದ್ದರೆ ಆ ಮನ್ನಣೆ ಅರ್ಧವಷ್ಟೇ.

2018ರ ಜನವರಿ 20ರಂದು ಜಗದ್ಗುರು ಫ್ರಾನ್ಸಿಸರು ಹುವಾಂಚಾಕೊದ ಕಡಲತಡಿಯಲ್ಲೇ ಬಲಿಪೂಜೆ ಅರ್ಪಿಸಿದರು. ಹಿಂದಿನ ವರ್ಷದ ಎಲ್ ನಿನ್ಯೊ ನೆರೆಯಲ್ಲಿ ಮನೆಮಾರು ಕಳೆದುಕೊಂಡ ಜನರಿಗೆ, ಬಿರುಗಾಳಿಯನ್ನು ಕಂಡಿದ್ದ ಬೆಸ್ತ ಪ್ರೇಷಿತರನ್ನು ನೆನಪಿಸಿ ಧೈರ್ಯ ಹೇಳಿದರು. ಅವರ ಉತ್ತರಾಧಿಕಾರಿ 14ನೆಯ ಲಿಯೊ ಅವರದು ಇನ್ನೂ ಹತ್ತಿರದ ನಿದರ್ಶನ. ಅಮೆರಿಕದ ಷಿಕಾಗೊದಲ್ಲಿ ಹುಟ್ಟಿದ ಅವರು 1985ರಲ್ಲಿ ಪೆರುವಿಗೆ ಬಂದರು. ಇದೇ ತ್ರುಹಿಯೊದಲ್ಲಿ ಸುಮಾರು ಹತ್ತು ವರ್ಷ ಗುರು ಅಭ್ಯರ್ಥಿಗಳನ್ನು ರೂಪಿಸಿದರು. 2015ರಲ್ಲಿ ಆ ದೇಶದ ಪೌರತ್ವವನ್ನೇ ಸ್ವೀಕರಿಸಿದರು. ಎಲ್ಲರೂ ಅಷ್ಟು ಕಾಲ ಉಳಿಯಲಾಗದು, ನಿಜ. ಆದರೆ ಅವರು ಅಲ್ಲಿ ಮಾಡಿದ ಕೆಲಸ ಗಮನಾರ್ಹ: ಆ ನೆಲದ ಜನರಿಂದಲೇ ಆ ನೆಲಕ್ಕೆ ಗುರುಗಳನ್ನು ಸಿದ್ಧಗೊಳಿಸುವುದು.

ಆದುದರಿಂದ ಯುವ ಮಿತ್ರರೇ, ಹೋಗುವುದಾದರೆ ಹೋಗಿ. ಹೋಗುವ ಮುನ್ನ ಸ್ಪ್ಯಾನಿಷ್ ಭಾಷೆಯನ್ನು ಮಾತನಾಡುವಷ್ಟಾದರೂ ಕಲಿಯಿರಿ. ನಿಮ್ಮ ಹಿನ್ನೆಲೆಯನ್ನು ವಿಚಾರಿಸದೆ ಮಕ್ಕಳ ನಡುವೆ ಬಿಡುವ ಸಂಸ್ಥೆಯಿಂದ ದೂರವಿರಿ. ನೀವು ಕೊಡುವ ಹಣದಲ್ಲಿ ಊರಿಗೆಷ್ಟು ಸಲ್ಲುತ್ತದೆ, ನಿರ್ಧಾರ ಮಾಡುವವರಲ್ಲಿ ಊರಿನವರಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿರಿ. ಒಂದು ತಿಂಗಳಿಗಿಂತ ಆರು ತಿಂಗಳು ಲೇಸು. ತಲುಪಿದ ಮೇಲೆ, ಹಲಗೆಯನ್ನು ಕೈಗೆತ್ತಿಕೊಳ್ಳುವ ಮುನ್ನ, ವಯಸ್ಸಾದ ಮೀನುಗಾರನೊಬ್ಬನ ಬಳಿ ಕುಳಿತು ಜೊಂಡು ಕಟ್ಟುವುದನ್ನು ಕಲಿಯಿರಿ. ದಿಬ್ಬದ ಮೇಲಿನ ಮಕ್ಕಳನ್ನೂ ಅವನ ಬಳಿಗೆ ಕರೆದೊಯ್ಯಿರಿ. ನೀವು ಹಿಂದಿರುಗಿದ ಮರುದಿನ, ನೀವು ಕಲಿಸಿದ ಹುಡುಗಿಯೊಬ್ಬಳು ತನಗಿಂತ ಚಿಕ್ಕವನೊಬ್ಬನನ್ನು ನೀರಿಗಿಳಿಸಿ ಕಲಿಸುತ್ತಿದ್ದರೆ, ನೀವು ಹೋದುದು ಸಾರ್ಥಕ.